ಕಡತ ನಮ್ಮದು, ಬೀಗದ ಕೈ ಯಾರದು?

ಮಗಳು ಕಾಲೇಜಿಗೆ ಸೇರಿದಳೆಂದು ಮನೆಗೊಂದು ಕಂಪ್ಯೂಟರು ಕೊಳ್ಳಲು ಹೊರಟ ಗೃಹಸ್ಥರೊಬ್ಬರನ್ನು ಕಲ್ಪಿಸಿಕೊಳ್ಳಿ. ಯಂತ್ರವನ್ನು ಆರಿಸಿದ್ದಾಯಿತು, ಚೌಕಾಸಿಯೂ ಮುಗಿಯಿತು. ಹಣ ಎಣಿಸುವ ಹೊತ್ತಿಗೆ ಅಂಗಡಿಯ ಹುಡುಗ ಕೇಳುತ್ತಾನೆ: “ಸಾರ್, ಇದಕ್ಕೆ ಆಫೀಸ್ ಹಾಕಬೇಕಾ?”

ಗೃಹಸ್ಥರಿಗೆ ತಬ್ಬಿಬ್ಬು. ಮೂವತ್ತು ವರ್ಷ ಆಫೀಸಿಗೆ ಅಲೆದು ದಣಿದವರು. ಅದನ್ನು ಮನೆಯೊಳಕ್ಕೂ ತರಬೇಕೆ? ಹುಡುಗ ವಿವರಿಸುತ್ತಾನೆ. ಪತ್ರ ಬರೆಯುವುದಕ್ಕೆ, ಲೆಕ್ಕ ಇಡುವುದಕ್ಕೆ, ತರಗತಿಯಲ್ಲಿ ಪಾಠ ಒಪ್ಪಿಸುವ ಚಿತ್ರಪಟಗಳನ್ನು ಮಾಡುವುದಕ್ಕೆ ಬೇಕಾದ ತಂತ್ರಾಂಶಗಳ ಕಟ್ಟು ಅದು. “ದುಡ್ಡಿಂದು ಒಂದಿದೆ, ಫ್ರೀದು ಒಂದಿದೆ. ಯಾವುದು ಹಾಕಲಿ ಸಾರ್?” ಎಂದು ಕೇಳಿ, ದನಿ ತಗ್ಗಿಸಿ, “ಬೇಕಂದ್ರೆ ದುಡ್ಡಿಂದನ್ನೇ ಸುಮ್ನೆ ಹಾಕಿಕೊಡ್ತೀನಿ” ಎಂದೂ ಸೇರಿಸುತ್ತಾನೆ.

“ಪುಕ್ಕಟೆ ಸಿಗೋ ಪದಾರ್ಥ ಗಟ್ಟಿ ಇರುತ್ತೇನಮ್ಮಾ?” ಎಂದು ತಂದೆ ಮಗಳನ್ನು ಕೇಳುತ್ತಾರೆ. “ಕಾಲೇಜಲ್ಲಿ ಎಲ್ಲರೂ ದುಡ್ಡಿಂದನ್ನೇ ಉಪಯೋಗಿಸೋದು ಅಪ್ಪಾ” ಎನ್ನುತ್ತಾಳೆ ಮಗಳು.

ಹುಡುಗ ದನಿ ತಗ್ಗಿಸಿ ಹೇಳಿದ ಮೂರನೆಯ ದಾರಿಗೆ ನಮ್ಮ ಭಾಷೆಯಲ್ಲಿ ಕಳವೆಂದು ಹೆಸರು; ಅದನ್ನು ಬದಿಗಿಡೋಣ. ಉಳಿದ ಎರಡರಲ್ಲಿ ಯಾವುದು ಎಂಬ ಪ್ರಶ್ನೆ ನೋಡುವುದಕ್ಕೆ ಐದು ನಿಮಿಷದ ವ್ಯಾಪಾರದಂತಿದೆ. ಆದರೆ ಇದೇ ಪ್ರಶ್ನೆಯನ್ನು ಜಗತ್ತಿನ ನಗರಸಭೆಗಳೂ ರಾಜ್ಯ ಸರಕಾರಗಳೂ ವರ್ಷಗಟ್ಟಲೆ ಚರ್ಚಿಸಿವೆ. ಅಧಿಕಾರಿಗಳು ಹುದ್ದೆ ಬಿಟ್ಟಿದ್ದಾರೆ. ಲಕ್ಷಾಧಿಪತಿಗಳು ವಿಮಾನವೇರಿ ಮೇಯರರ ಬಾಗಿಲಿಗೆ ಬಂದಿದ್ದಾರೆ. ಆ ಚರಿತ್ರೆಯನ್ನು ಸ್ವಲ್ಪ ತಿಳಿದರೆ ಅಂಗಡಿಯಲ್ಲಿ ಕೊಡಬೇಕಾದ ಉತ್ತರವೂ ಸುಲಭವಾದೀತು.

ಮೊದಲು ಒಂದು ಆಶ್ಚರ್ಯದ ಸಂಗತಿ. ತಂತ್ರಾಂಶಕ್ಕೆ ಬೆಲೆ ಕೊಡುವುದೇ ಹಳೆಯ ಪದ್ಧತಿ, ಉಚಿತವೆಂಬುದು ಈಚೆಗೆ ಯಾರೋ ತಂದ ಹೊಸತನ ಎಂದು ನಾವು ತಿಳಿದಿದ್ದೇವೆ. ನಡೆದುದು ಇದಕ್ಕೆ ವಿರುದ್ಧ. ೧೯೫೦ ಮತ್ತು ೧೯೬೦ರ ದಶಕಗಳಲ್ಲಿ ಗಣಕವೆಂದರೆ ಒಂದು ಕೋಣೆ ತುಂಬುವ ಯಂತ್ರ. ಅದನ್ನು ಬಾಡಿಗೆಗೆ ಪಡೆದ ಸಂಸ್ಥೆಗಳಿಗೆ ಅದರ ಮೇಲೆ ನಡೆಯುವ ಕ್ರಮವಿಧಿಗಳು ಯಂತ್ರದೊಂದಿಗೇ ಬರುತ್ತಿದ್ದುವು. ಅವುಗಳಿಗೆ ಬೇರೆ ಬೆಲೆಯಿರಲಿಲ್ಲ. ಐಬಿಎಂ ಯಂತ್ರಗಳನ್ನು ಬಳಸುತ್ತಿದ್ದವರು ೧೯೫೫ರಲ್ಲಿ ‘ಶೇರ್’ ಎಂಬ ಕೂಟವನ್ನು ಕಟ್ಟಿಕೊಂಡು, ತಾವು ಬರೆದ ಕ್ರಮವಿಧಿಗಳನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಿದ್ದರು. ನೆರೆಮನೆಯವರು ಹೆಪ್ಪಿಗೆ ಮಜ್ಜಿಗೆ ಕೊಟ್ಟು ಪಡೆಯುವಂಥ ವ್ಯವಹಾರ ಅದು.

೧೯೬೯ರ ಜೂನ್ ತಿಂಗಳಲ್ಲಿ ಐಬಿಎಂ ಸಂಸ್ಥೆ ಯಂತ್ರದ ಬೆಲೆಯನ್ನೂ ತಂತ್ರಾಂಶದ ಬೆಲೆಯನ್ನೂ ಬೇರೆಬೇರೆ ಮಾಡುವುದಾಗಿ ಸಾರಿತು. ಕೈಗೆ ಮುಟ್ಟಲಾಗದ ವಸ್ತುವಿಗೂ ಪೇಟೆಯಲ್ಲಿ ಬೆಲೆಯುಂಟೆಂಬುದು ಅಲ್ಲಿಂದ ರೂಢವಾಯಿತು. ಏಳು ವರ್ಷಗಳ ಬಳಿಕ, ೧೯೭೬ರ ಫೆಬ್ರವರಿಯಲ್ಲಿ, ಬಿಲ್ ಗೇಟ್ಸ್ ಎಂಬ ಇಪ್ಪತ್ತು ವರ್ಷದ ತರುಣ ಗಣಕದ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದ. ತಾನೂ ತನ್ನ ಜೊತೆಗಾರರೂ ಶ್ರಮಪಟ್ಟು ಮಾಡಿದ ತಂತ್ರಾಂಶವನ್ನು ಜನ ಹಣ ಕೊಡದೆ ನಕಲು ಮಾಡಿಕೊಳ್ಳುತ್ತಿದ್ದಾರೆ. ಹೀಗಾದರೆ ಒಳ್ಳೆಯ ಕೆಲಸವನ್ನು ಯಾರು ತಾನೆ ಮಾಡಿಯಾರು ಎಂಬುದು ಅದರ ಸಾರಾಂಶ. ಈ ಮಾತಿನಲ್ಲಿ ನ್ಯಾಯವಿಲ್ಲವೆನ್ನುವಂತಿಲ್ಲ. ದುಡಿದವನಿಗೆ ಕೂಲಿ ಸಲ್ಲಬೇಕೆಂಬುದು ಎಲ್ಲರೂ ಒಪ್ಪುವ ಧರ್ಮ.

ಅಲ್ಲಿಂದ ಮುಂದಿನ ಹದಿನೈದು ವರ್ಷಗಳಲ್ಲಿ ‘ಆಫೀಸು’ ಒಂದೊಂದೇ ಭಾಗವಾಗಿ ಗಣಕದೊಳಗೆ ಇಳಿಯಿತು. ೧೯೭೮ರಲ್ಲಿ ‘ವರ್ಡ್‌ಸ್ಟಾರ್’ ಬಂದು ಬೆರಳಚ್ಚು ಯಂತ್ರದ ಕೆಲಸವನ್ನು ವಹಿಸಿಕೊಂಡಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವಾಣಿಜ್ಯ ಕಲಿಯುತ್ತಿದ್ದ ಡ್ಯಾನ್ ಬ್ರಿಕ್ಲಿನ್, ಕರಿಹಲಗೆಯ ಮೇಲೆ ಲೆಕ್ಕದ ಪಟ್ಟಿಯಲ್ಲಿ ಒಂದು ಅಂಕಿ ಬದಲಾದರೆ ಸಾಲುಸಾಲನ್ನೇ ಅಳಿಸಿ ಬರೆಯಬೇಕಾಗುವ ಪಾಡನ್ನು ಕಂಡು, ಅದು ತಾನಾಗಿಯೇ ಬದಲಾಗುವಂತಿದ್ದರೆ ಎಷ್ಟು ಚೆನ್ನೆಂದು ಯೋಚಿಸಿದ. ಬಾಬ್ ಫ್ರಾಂಕ್‌ಸ್ಟನ್ ಜೊತೆಗೂಡಿದ. ೧೯೭೯ರಲ್ಲಿ ‘ವಿಸಿಕ್ಯಾಲ್ಕ್’ ಹೊರಬಂತು. ಕೆಂಪು ಗೆರೆ ಹಾಕಿದ ಲೆಡ್ಜರುಗಳಲ್ಲಿ ಮೊತ್ತ ತಾಳೆಯಾಗದೆ ದೀಪವುರಿಸಿ ಕುಳಿತಿದ್ದವರಿಗೆ ಇದರ ಬೆಲೆ ಗೊತ್ತು. ೧೯೮೩ರಲ್ಲಿ ಮಿಚ್ ಕಪೋರನ ‘ಲೋಟಸ್ ೧-೨-೩’ ಅದನ್ನು ಮೀರಿಸಿತು. ಆ ಒಂದೇ ತಂತ್ರಾಂಶದ ಬೆಲೆ ೪೯೫ ಡಾಲರುಗಳು.

ಆಗ ಬಂದುದು ಮೈಕ್ರೋಸಾಫ್ಟ್ ಸಂಸ್ಥೆಯ ಚತುರ ಉಪಾಯ. ಬರವಣಿಗೆಗೆ ವರ್ಡ್, ಲೆಕ್ಕಕ್ಕೆ ಎಕ್ಸೆಲ್, ಪ್ರದರ್ಶನಕ್ಕೆ ಪವರ್‌ಪಾಯಿಂಟ್ ಈ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಕಡಮೆ ಬೆಲೆಗೆ ಮಾರತೊಡಗಿತು. ೧೯೮೯ರಲ್ಲಿ ಮೆಕಿಂಟಾಷ್ ಯಂತ್ರಕ್ಕೆ, ೧೯೯೦ರಲ್ಲಿ ವಿಂಡೋಸಿಗೆ ಆ ಪೆಟ್ಟಿಗೆ ಬಂತು. ಹೆಸರೇ ‘ಆಫೀಸ್’. ಹತ್ತು ವರ್ಷ ತುಂಬುವಷ್ಟರಲ್ಲಿ ಜಗತ್ತಿನ ಬಹುಪಾಲು ಕಚೇರಿಗಳ ಮೇಜಿನ ಮೇಲೆ ಅದು ನೆಲೆಗೊಂಡಿತ್ತು. ಅದು ಒಳ್ಳೆಯ ಸರಕಾಗಿತ್ತೆಂಬುದೂ ನಿಜ. ಸುಮ್ಮನೆ ಹೆಸರಿನಿಂದಲೇ ಗೆದ್ದುದಲ್ಲ.

ಆದರೆ ಗೆಲವಿಗೆ ಇನ್ನೊಂದು ಕಾರಣವಿತ್ತು. ನಮ್ಮ ಕಥೆಯ ತಿರುಳು ಇಲ್ಲಿದೆ.

ನಾವು ಒಂದು ಪತ್ರವನ್ನು ಬರೆದು ಉಳಿಸಿದಾಗ, ಅಕ್ಷರಗಳು, ಅವುಗಳ ದಪ್ಪ, ಸಾಲಿನ ಅಂತರ, ಪಟ್ಟಿಯ ಗೆರೆ ಎಲ್ಲವನ್ನೂ ತಂತ್ರಾಂಶ ತನ್ನದೇ ಒಂದು ಕ್ರಮದಲ್ಲಿ ಅಂಕಿಗಳಾಗಿ ಬರೆದಿಡುತ್ತದೆ. ಇದಕ್ಕೆ ಫಾರ್ಮ್ಯಾಟ್ ಎನ್ನುತ್ತಾರೆ. ನಾವು ಕಡತದ ಮಾದರಿ ಎನ್ನೋಣ. ಆ ಮಾದರಿ ತಿಳಿದ ತಂತ್ರಾಂಶ ಮಾತ್ರ ಕಡತವನ್ನು ತಿರುಗಿ ಸರಿಯಾಗಿ ತೆರೆಯಬಲ್ಲುದು. ವರ್ಡ್ ಕಡತಗಳ ಹಳೆಯ ಮಾದರಿಯ ಗುಟ್ಟು ಬಹುಕಾಲ ಹೊರಗಿನವರಿಗೆ ಪೂರ್ಣವಾಗಿ ತಿಳಿದಿರಲಿಲ್ಲ. ಮೈಕ್ರೋಸಾಫ್ಟ್ ಅದರ ವಿವರಗಳನ್ನು ಎಲ್ಲರಿಗೂ ಪ್ರಕಟಿಸಿದುದು ೨೦೦೮ರಲ್ಲಿ. ಅಲ್ಲಿಯತನಕ ಏನಾಯಿತು? ನಿಮಗೆ ಬರುವ ಕಾಗದವೆಲ್ಲ ಆ ಮಾದರಿಯಲ್ಲಿ. ಅದನ್ನು ತೆರೆಯಬೇಕಾದರೆ ನೀವೂ ಅದೇ ತಂತ್ರಾಂಶವನ್ನು ಕೊಳ್ಳಬೇಕು. ಕೊಂಡ ಮೇಲೆ ನೀವು ಬರೆಯುವುದೂ ಅದೇ ಮಾದರಿಯಲ್ಲಿ. ನಿಮ್ಮ ಪತ್ರ ಪಡೆದವರೂ ಅದನ್ನೇ ಕೊಳ್ಳಬೇಕು. ಬರೆದ ಕಡತ ನಮ್ಮದು, ಅದರ ಬೀಗದ ಕೈ ಮಾತ್ರ ಬೇರೆಯವರ ಬಳಿ.

ನಮ್ಮ ನಾಡಿಗೆ ಇಂಥ ಬೀಗಗಳು ಹೊಸವಲ್ಲ. ಬೆಳಗಾವಿ, ಧಾರವಾಡಗಳ ಕಡೆಯ ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿಯ ಕಾಗದಗಳಿವೆ. ಜಮೀನಿನ ಹಕ್ಕಿಗಾಗಿ ಅವನ್ನು ಹಿಡಿದು ಬರುವ ರೈತನಿಗೆ ಕಾಗದವಿದೆ, ಮಸಿಯಿದೆ, ಅಕ್ಷರವಿದೆ. ಓದುವವರು ಮಾತ್ರ ವಿರಳ. ಇದಕ್ಕೆ ಎದುರಾಗಿ ಇನ್ನೊಂದು ದೃಷ್ಟಾಂತ ನೋಡಿ. ಟಿಪ್ಪು ಸುಲ್ತಾನನು ೧೭೯೦ರ ದಶಕದಲ್ಲಿ ಶೃಂಗೇರಿ ಮಠದ ಸ್ವಾಮಿಗಳಿಗೆ ಬರೆಸಿದ ಪತ್ರಗಳನ್ನು ಮೈಸೂರಿನ ಪ್ರಾಕ್ತನ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು ೧೯೧೬ರಲ್ಲಿ ಬೆಳಕಿಗೆ ತಂದರು. ಬರೆದು ನೂರಿಪ್ಪತ್ತು ವರ್ಷಗಳೇ ಆಗಿದ್ದುವು. ಬರೆಸಿದವರಿಲ್ಲ, ಆ ರಾಜ್ಯವೂ ಇಲ್ಲ. ಆದರೂ ಕಟ್ಟು ಬಿಚ್ಚಿ ಓದಬಹುದಾಗಿತ್ತು. ಯಾಕೆಂದರೆ ಅವು ನಾಡಿಗೆಲ್ಲ ತಿಳಿದ ಕನ್ನಡದಲ್ಲಿದ್ದುವು. ಓದುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಡತ ಬಾಳುವುದೆಂದರೆ ಇದು.

ಈಗ ಎರಡನೆಯ ಬಣದ ಕಥೆ. ಅಮೆರಿಕದ ಎಂ.ಐ.ಟಿ.ಯಲ್ಲಿ ದುಡಿಯುತ್ತಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬಾತ ೧೯೮೩ರ ಸೆಪ್ಟೆಂಬರಿನಲ್ಲಿ ‘ಗ್ನೂ’ ಎಂಬ ಯೋಜನೆಯನ್ನು ಸಾರಿದ. ತಂತ್ರಾಂಶವನ್ನು ಬಳಸುವ, ಅದರ ಒಳಗನ್ನು ನೋಡಿ ತಿದ್ದುವ, ನಕಲು ಮಾಡಿ ಹಂಚುವ, ತಿದ್ದಿದುದನ್ನೂ ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕೆಂಬುದು ಅವನ ವಾದ. ಇಂಗ್ಲಿಷಿನವರು ಇದನ್ನು ‘ಫ್ರೀ’ ಎಂದು ಕರೆದರು. ಆ ಭಾಷೆಯಲ್ಲಿ ಸ್ವಾತಂತ್ರ್ಯಕ್ಕೂ ಪುಕ್ಕಟೆಗೂ ಅದೊಂದೇ ಪದ. ಇಂದಿಗೂ ಅದರ ಗೊಂದಲ ತೀರಿಲ್ಲ. ಕನ್ನಡಕ್ಕೆ ಆ ಬಡತನವಿಲ್ಲ. ಉಚಿತ ಬೇರೆ, ಮುಕ್ತ ಬೇರೆ. ಸ್ಟಾಲ್‌ಮನ್ ತಾನು ಬರೆದ ‘ಈಮ್ಯಾಕ್ಸ್’ ಎಂಬ ಮುಕ್ತ ತಂತ್ರಾಂಶದ ಸುರುಳಿಗಳನ್ನು ೧೫೦ ಡಾಲರಿಗೆ ಮಾರಿ ಜೀವನ ಸಾಗಿಸಿದ್ದುಂಟು. ಮುಕ್ತವಾದುದಕ್ಕೆ ಬೆಲೆಯಿರಬಹುದು, ಉಚಿತವಾದುದು ಮುಕ್ತವಲ್ಲದೆಯೂ ಇರಬಹುದು. ಮುಂದಿನ ಕಥೆಯನ್ನು ತಿಳಿಯಲು ಈ ವ್ಯತ್ಯಾಸ ನೆನಪಿನಲ್ಲಿರಬೇಕು.

ಜರ್ಮನಿಯ ಲ್ಯೂನೆಬರ್ಗ್ ಎಂಬ ಊರಿನಲ್ಲಿ ಮಾರ್ಕೊ ಬೋರೀಸ್ ಎಂಬ ಹುಡುಗ ಹದಿನಾರನೆಯ ವಯಸ್ಸಿಗೇ, ೧೯೮೫ರ ಸುಮಾರಿಗೆ, ಒಂದು ತಂತ್ರಾಂಶ ಸಂಸ್ಥೆ ತೆರೆದ. ಅವನ ಬರವಣಿಗೆಯ ತಂತ್ರಾಂಶ ಬೆಳೆದು ‘ಸ್ಟಾರ್‌ಆಫೀಸ್’ ಆಯಿತು. ೧೯೯೯ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಆ ಸಂಸ್ಥೆಯನ್ನೇ ಕೊಂಡುಬಿಟ್ಟಿತು. ಕಾರಣ ವಿನೋದವಾಗಿದೆ. ಸನ್‌ನಲ್ಲಿದ್ದ ಸುಮಾರು ೪೨,೦೦೦ ಮಂದಿ ನೌಕರರಿಗೆ ಮೈಕ್ರೋಸಾಫ್ಟಿನ ಪರವಾನಗಿಗಳನ್ನು ಕೊಳ್ಳುವುದಕ್ಕಿಂತ ಆಫೀಸು ತಂತ್ರಾಂಶ ಮಾಡುವ ಒಂದು ಸಂಸ್ಥೆಯನ್ನೇ ಕೊಳ್ಳುವುದು ಅಗ್ಗವಾಯಿತೆಂದು ಅಲ್ಲಿದ್ದ ಅಧಿಕಾರಿಯೊಬ್ಬರೇ ಮುಂದೆ ಹೇಳಿದರು. ಹಾಲಿನ ಬಿಲ್ಲು ಹೆಚ್ಚಾಯಿತೆಂದು ಹಸುವನ್ನೇ ಕಟ್ಟಿದ ಹಾಗೆ!

ಆ ಹಸುವನ್ನು ಸನ್ ತನ್ನ ಕೊಟ್ಟಿಗೆಯಲ್ಲಷ್ಟೇ ಕಟ್ಟಿಕೊಳ್ಳಲಿಲ್ಲ. ೨೦೦೦ದ ಅಕ್ಟೋಬರಿನಲ್ಲಿ ಅದರ ಮೂಲ ಸಂಕೇತವನ್ನು ‘ಓಪನ್‌ಆಫೀಸ್’ ಎಂಬ ಹೆಸರಿನಲ್ಲಿ ಲೋಕಕ್ಕೆ ಬಿಟ್ಟುಕೊಟ್ಟಿತು. ೨೦೦೨ರಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು. ಅದೇ ವರ್ಷ ಸನ್, ಅದೇ ಮೂಲದಿಂದ ಮಾಡಿದ ಸ್ಟಾರ್‌ಆಫೀಸನ್ನು ಬೆಲೆಗೂ ಮಾರಿತು. ತೊಡಕು ಬಂದಾಗ ನೆರವಾಗುವವರು ಬೇಕೆನ್ನುವವರು ಹಣ ಕೊಟ್ಟರು. ತಾವೇ ನೋಡಿಕೊಳ್ಳಬಲ್ಲವರು ಉಚಿತವಾಗಿ ಪಡೆದರು. ಹೀಗೆ ಆಯ್ಕೆಯೆಂಬುದು ಜನಸಾಮಾನ್ಯರ ಕೈಗೆ ಬಂತು.

ಆಯ್ಕೆ ಬಂದ ಕೂಡಲೆ ಜಗಳವೂ ಬಂತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಎರಿಕ್ ಕ್ರಿಸ್ ಮತ್ತು ಪೀಟರ್ ಕ್ವಿನ್ ಎಂಬ ಇಬ್ಬರು ಅಧಿಕಾರಿಗಳು ೨೦೦೫ರಲ್ಲಿ ಒಂದು ಹೊಸ ಪ್ರಶ್ನೆ ಎತ್ತಿದರು. ತಂತ್ರಾಂಶದ ಬೆಲೆಯೆಷ್ಟು ಎಂದು ಅವರು ಕೇಳಲಿಲ್ಲ; ಸರಕಾರದ ಕಡತಗಳು ಪ್ರಜೆಗಳ ಸ್ವತ್ತು, ಐವತ್ತು ವರ್ಷಗಳ ಮೇಲೆ ಅವನ್ನು ತೆರೆಯಲು ಯಾವುದೋ ಒಂದು ಕಂಪೆನಿಯ ಅನುಗ್ರಹ ಬೇಕಾಗಬೇಕೆ ಎಂದು ಕೇಳಿದರು. ೨೦೦೭ರ ಜನವರಿಯಿಂದ ಕಾರ್ಯಾಂಗದ ಕಡತಗಳನ್ನು ‘ಓಪನ್ ಡಾಕ್ಯುಮೆಂಟ್’ ಎಂಬ ಮುಕ್ತ ಮಾದರಿಯಲ್ಲಿ ಇಡಬೇಕೆಂದು ಗೊತ್ತುಮಾಡಿದರು. ಆ ಮಾದರಿ ಅದೇ ೨೦೦೫ರ ಮೇ ತಿಂಗಳಲ್ಲಿ ಸಿದ್ಧವಾಗಿ, ಮರುವರ್ಷ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಮುದ್ರೆ ಪಡೆಯಿತು.

ವಿರೋಧ ಎರಡು ಕಡೆಯಿಂದ ಬಂತು. ವ್ಯಾಪಾರಿಗಳ ವಿರೋಧ ನಿರೀಕ್ಷಿಸಿದುದೇ. ಆದರೆ ಇನ್ನೊಂದು ವಿರೋಧ ಕಣ್ಣು ಕಾಣದ ನೌಕರರ ಪರವಾಗಿ ಬಂದುದು. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸಾಧನಗಳು ಮೈಕ್ರೋಸಾಫ್ಟಿನ ತಂತ್ರಾಂಶದೊಡನೆ ಚೆನ್ನಾಗಿ ಹೊಂದುತ್ತಿದ್ದುವು, ಮುಕ್ತ ತಂತ್ರಾಂಶದೊಡನೆ ಅಷ್ಟು ಹೊಂದುತ್ತಿರಲಿಲ್ಲ. ನ್ಯಾಯವಾದ ದೂರು ಅದು. ಆದರ್ಶದ ಹೆಸರಿನಲ್ಲಿ ಅದನ್ನು ತಳ್ಳಿಹಾಕುವಂತಿರಲಿಲ್ಲ. ಈ ನಡುವೆ ಕ್ವಿನ್ ಅವರ ಪ್ರವಾಸಗಳ ಬಗೆಗೆ ಪತ್ರಿಕೆಯಲ್ಲಿ ಪ್ರಶ್ನೆಗಳೆದ್ದುವು. ವಿಚಾರಣೆಯಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಅವರು ಬೇಸತ್ತು ಹುದ್ದೆ ಬಿಟ್ಟರು. ೨೦೦೭ರಲ್ಲಿ ಆ ರಾಜ್ಯ ಮೈಕ್ರೋಸಾಫ್ಟಿನ ಹೊಸ ಮಾದರಿಯನ್ನೂ ಒಪ್ಪಿಕೊಂಡು ಜಗಳ ಮುಗಿಸಿತು.

ಆ ಹೊಸ ಮಾದರಿ ಬಂದುದೇ ಈ ಒತ್ತಡದಿಂದ ಎನ್ನಬೇಕು. ಮೈಕ್ರೋಸಾಫ್ಟ್ ತನ್ನ ಕಡತದ ಮಾದರಿಯನ್ನು ಆರು ಸಾವಿರಕ್ಕೂ ಹೆಚ್ಚು ಪುಟಗಳಲ್ಲಿ ವಿವರಿಸಿ ಜಗತ್ತಿನ ಮಾನಕವಾಗಿ ಮಾಡಿಸಲು ಹೊರಟಿತು. ೨೦೦೭ರ ಸೆಪ್ಟೆಂಬರಿನ ಮತದಲ್ಲಿ ಅದು ಸೋತಿತು. ೨೦೦೮ರ ಏಪ್ರಿಲಿನಲ್ಲಿ ಗೆದ್ದಿತು. ಎರಡು ಬಾರಿಯೂ ಭಾರತ ಬೇಡವೆಂದೇ ಮತವಿತ್ತಿತು. ಬ್ರೆಜಿಲ್, ದಕ್ಷಿಣ ಆಫ್ರಿಕ, ವೆನೆಜುವೆಲಗಳ ಜೊತೆಗೆ ಮೇಲ್ಮನವಿಯನ್ನೂ ಸಲ್ಲಿಸಿತು. ಮೇಲ್ಮನವಿ ನಿಲ್ಲಲಿಲ್ಲ. ಆದರೆ ಫಲವೇನೂ ಆಗಲಿಲ್ಲವೆಂದು ತಿಳಿಯಬಾರದು. ಬೀಗದ ಗುಟ್ಟು ಕಾಗದದ ಮೇಲೆ ಬಂತು. ೨೦೦೯ರಿಂದ ಮೈಕ್ರೋಸಾಫ್ಟಿನ ಆಫೀಸೇ ಮುಕ್ತ ಮಾದರಿಯ ಕಡತಗಳನ್ನೂ ತೆರೆದು ಉಳಿಸತೊಡಗಿತು. ಬಳಿಕ ಭಾರತ ಸರಕಾರವೂ ೨೦೧೦ರಲ್ಲಿ ಮುಕ್ತ ಮಾನಕಗಳ ನೀತಿಯನ್ನು, ೨೦೧೫ರಲ್ಲಿ ಮುಕ್ತ ತಂತ್ರಾಂಶದ ನೀತಿಯನ್ನು ಪ್ರಕಟಿಸಿತು.

ಇನ್ನು ಜರ್ಮನಿಯ ಮ್ಯೂನಿಕ್ ನಗರದ ಕಥೆ. ಮುಕ್ತ ತಂತ್ರಾಂಶದ ಪರವಾಗಿರುವವರು ಅದರ ಮೊದಲರ್ಧವನ್ನು ಹೇಳುತ್ತಾರೆ, ವಿರೋಧಿಗಳು ಉತ್ತರಾರ್ಧವನ್ನು ಹೇಳುತ್ತಾರೆ. ಎರಡನ್ನೂ ಕೇಳಬೇಕು.

೨೦೦೩ರಲ್ಲಿ ಆ ನಗರಸಭೆ ತನ್ನ ಸುಮಾರು ೧೪,೦೦೦ ಗಣಕಗಳಲ್ಲಿ ವಿಂಡೋಸನ್ನೂ ಮೈಕ್ರೋಸಾಫ್ಟ್ ಆಫೀಸನ್ನೂ ತೆಗೆದು ಮುಕ್ತ ತಂತ್ರಾಂಶ ಹಾಕುವ ಆಲೋಚನೆ ಮಾಡಿತು. ಸುದ್ದಿ ತಿಳಿದು ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಮರ್, ಹಿಮದ ಮೇಲೆ ಜಾರುವ ವಿಹಾರವನ್ನು ನಡುವೆಯೇ ನಿಲ್ಲಿಸಿ ಮೇಯರ್ ಕ್ರಿಶ್ಚಿಯನ್ ಊಡೆಯವರನ್ನು ಕಾಣಲು ಬಂದ. ಬೆಲೆಯಿಳಿಸುವ ಮಾತುಗಳಾದುವು. ಆದರೂ ಮೇ ತಿಂಗಳಲ್ಲಿ ನಗರಸಭೆ ಮುಕ್ತ ತಂತ್ರಾಂಶಕ್ಕೇ ಮತವಿತ್ತಿತು. ಹತ್ತು ವರ್ಷ ಹಿಡಿಯಿತು. ಕಚೇರಿಗೊಂದರಂತೆ ಬೆಳೆದಿದ್ದ ನಮೂನೆಗಳನ್ನೂ ಅರ್ಜಿಯ ಮಾದರಿಗಳನ್ನೂ ಒಂದು ಕ್ರಮಕ್ಕೆ ತರಲು ‘ವೊಲ್‌ಮುಕ್ಸ್’ ಎಂಬ ತಂತ್ರಾಂಶವನ್ನು ಅವರೇ ಬರೆದುಕೊಂಡರು. ಒಂದು ಕೋಟಿ ಯೂರೋಗಿಂತ ಹೆಚ್ಚು ಉಳಿತಾಯವಾಯಿತೆಂದು ೨೦೧೨ರಲ್ಲಿ ನಗರಸಭೆ ಲೆಕ್ಕ ಕೊಟ್ಟಿತು.

ಉತ್ತರಾರ್ಧ ಬೇರೆ. ಹೊರಗಿನವರು ಕಳುಹಿಸುವ ಕಡತಗಳು ಇಲ್ಲಿ ತೆರೆದಾಗ ಪಟ್ಟಿ ಅಡ್ಡಾದಿಡ್ಡಿಯಾಗುತ್ತಿತ್ತು, ನೌಕರರು ಗೊಣಗುತ್ತಿದ್ದರು. ೨೦೧೪ರಲ್ಲಿ ಮೇಯರ್ ಬದಲಾದರು. ೨೦೧೭ರಲ್ಲಿ ನಗರಸಭೆ ವಿಂಡೋಸಿಗೇ ಹಿಂದಿರುಗುವ ನಿರ್ಧಾರ ಮಾಡಿತು. ಹಾಗಾದರೆ ಆ ಪ್ರಯೋಗ ಸೋತಿತೆ? ಅದೇ ಜರ್ಮನಿಯ ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ೨೦೨೪ರ ಏಪ್ರಿಲಿನಲ್ಲಿ ತನ್ನ ೩೦,೦೦೦ ಗಣಕಗಳನ್ನು ಮುಕ್ತ ಆಫೀಸಿಗೆ ಬದಲಿಸುವ ತೀರ್ಮಾನ ಮಾಡಿತು. ಸೋಲು ಗೆಲವುಗಳು ತಂತ್ರಾಂಶದೊಳಗಷ್ಟೇ ಇರುವುದಿಲ್ಲ. ಕಲಿಸುವವರು, ಕಲಿಯುವವರು, ಹತ್ತು ವರ್ಷ ಬೆನ್ನು ಬಿಡದೆ ನಿಲ್ಲುವ ಆಡಳಿತ ಇವುಗಳಲ್ಲೂ ಇರುತ್ತವೆ. ಪರವಾನಗಿಯ ಹಣ ಉಳಿಯಿತೆಂದು ಕಲಿಸುವ ಹಣವನ್ನೂ ಉಳಿಸಹೊರಟರೆ ಯಾವ ಕೆಲಸವೂ ಕೈಗೂಡದು.

ಮುಕ್ತವೆಂಬ ಮಾತಿನ ಅರ್ಥ ಪರೀಕ್ಷೆಗೆ ಬಂದ ಒಂದು ಸಂದರ್ಭವನ್ನೂ ಹೇಳಬೇಕು. ೨೦೧೦ರ ಜನವರಿಯಲ್ಲಿ ಸನ್ ಸಂಸ್ಥೆಯನ್ನು ಒರಾಕಲ್ ಕೊಂಡಿತು. ಓಪನ್‌ಆಫೀಸಿನ ಗತಿಯೇನೆಂದು ಅದರಲ್ಲಿ ದುಡಿಯುತ್ತಿದ್ದವರಿಗೆ ಚಿಂತೆಯಾಯಿತು. ಬೆಲೆಗೆ ಮಾರುವ ತಂತ್ರಾಂಶವಾಗಿದ್ದರೆ ಅವರು ಮಾಡಬಹುದಾದುದೇನೂ ಇರಲಿಲ್ಲ. ಇದು ಮುಕ್ತವಾಗಿತ್ತು. ಮೂಲ ಸಂಕೇತವನ್ನು ಎತ್ತಿಕೊಂಡು ಅವರು ಹೊರಬಂದರು. ಸೆಪ್ಟೆಂಬರಿನಲ್ಲಿ ‘ಡಾಕ್ಯುಮೆಂಟ್ ಫೌಂಡೇಶನ್’ ಹುಟ್ಟಿತು. ೨೦೧೧ರ ಜನವರಿಯಲ್ಲಿ ‘ಲಿಬ್ರೆಆಫೀಸ್’ ಹೊರಬಂತು. ಮನೆ ಮಾರಾಟವಾಯಿತು, ಬಾಡಿಗೆದಾರರು ಬೀದಿಗೆ ಬೀಳಲಿಲ್ಲ. ಅಂಗಡಿಯ ಹುಡುಗ ಈಗ ‘ಫ್ರೀದು’ ಎಂದು ಹೇಳುವುದು ಸಾಮಾನ್ಯವಾಗಿ ಇದನ್ನೇ. ಇದರ ಪರದೆಯ ಮಾತುಗಳನ್ನು ಕನ್ನಡಕ್ಕೆ ತಂದ ಸ್ವಯಂಸೇವಕರೂ ಇದ್ದಾರೆ.

ಕನ್ನಡದ ಮಾತು ಬಂದುದರಿಂದ ನಮ್ಮ ಮನೆಯ ಕಥೆಯನ್ನೂ ಬಿಡುವಂತಿಲ್ಲ. ಅಲ್ಲಿಯ ಪಾಠವನ್ನು ಪೂರ್ತಿಗೊಳಿಸುವುದು ಅದೇ. ಗಣಕದಲ್ಲಿ ಕನ್ನಡ ಬರೆಯುವ ಸಾಧನಗಳು ನಮ್ಮಲ್ಲೂ ಎರಡು ಬಗೆ. ಅಚ್ಚುಕೂಟಗಳವರು ಹಣ ಕೊಟ್ಟು ಕೊಂಡ ಶ್ರೀಲಿಪಿಯಂಥವು ಒಂದು ಕಡೆ. ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತಂದು ಬಹುಕಾಲ ಉಚಿತವಾಗಿ ಕೊಟ್ಟ ‘ಬರಹ’, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ ಸರಕಾರಿ ಕಚೇರಿಗಳಿಗೆಲ್ಲ ತಲುಪಿದ ‘ನುಡಿ’ ಇನ್ನೊಂದು ಕಡೆ. ಕೆ.ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಅವರು ಬೆಲೆ ಕಟ್ಟದೆ ನಾಡಿಗೆ ಬಿಟ್ಟುಕೊಟ್ಟರು; ನುಡಿಯಲ್ಲಿ ಬೆರಳಾಡುವುದು ಅದರ ಮೇಲೆಯೇ. ಈ ಉಪಕಾರಗಳನ್ನು ಕನ್ನಡಿಗರು ಮರೆಯುವಂತಿಲ್ಲ.

ಆದರೆ ಅಂದಿನ ಸಾಧನಗಳಿಗೆಲ್ಲ, ಬೆಲೆಯವಾಗಲಿ ಉಚಿತದವಾಗಲಿ, ಒಂದು ಸಮಾನವಾದ ಇತಿಮಿತಿಯಿತ್ತು. ಗಣಕ ಅಕ್ಷರಗಳನ್ನು ಅಂಕಿಗಳಾಗಿ ನೆನಪಿಡುತ್ತದೆ. ಕನ್ನಡಕ್ಕೆ ಆಗ ಬಳಕೆಯಲ್ಲಿ ತನ್ನದೇ ಅಂಕಿಗಳಿರಲಿಲ್ಲ. ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಮೀಸಲಾದ ಅಂಕಿಗಳ ಮೇಲೆ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಿದ್ದರು. ಪರದೆಯ ಮೇಲೆ ಕಾಣುವುದು ಕನ್ನಡ. ಯಂತ್ರದ ನೆನಪಿನಲ್ಲಿರುವುದು ಇಂಗ್ಲಿಷ್. ನಾಟಕದಲ್ಲಿ ಪಾತ್ರಧಾರಿಗೆ ಕಿರೀಟವಿರುವತನಕ ರಾಜ; ಕಿರೀಟ ತೆಗೆದರೆ ಅವನು ಬೇರೆಯವನೇ. ಹಾಗೆಯೇ ಆ ಅಕ್ಷರಶೈಲಿಯಿಲ್ಲದ ಇನ್ನೊಂದು ಗಣಕಕ್ಕೆ ಕಡತವನ್ನು ಒಯ್ದರೆ ಕಾಣುವುದು ಅರ್ಥವಿಲ್ಲದ ಅನ್ಯಾಕ್ಷರಗಳ ಸಂತೆ. ಒಂದು ಪದವನ್ನು ಹುಡುಕುವಂತಿಲ್ಲ, ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವಂತಿಲ್ಲ. ಆ ಮಾದರಿಗಳಲ್ಲಿ ಅಚ್ಚಿಗೆ ಸಿದ್ಧವಾದ ಪುಸ್ತಕಗಳೆಷ್ಟೋ, ಬರೆದ ಸರಕಾರಿ ಆಜ್ಞೆಗಳೆಷ್ಟೋ, ಮುದ್ರಣ ಕಾಣದೆ ಬಿಲ್ಲೆಗಳಲ್ಲಿ ಉಳಿದ ಹಸ್ತಪ್ರತಿಗಳೆಷ್ಟೋ! ಉಚಿತವಾಗಿ ಸಿಕ್ಕಿದ ಸಾಧನವೂ ಕಡತಕ್ಕೆ ಬೀಗ ಹಾಕಬಲ್ಲುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೀಗ ತೆರೆದುದು ಯೂನಿಕೋಡ್ ಎಂಬ ಜಾಗತಿಕ ಮಾನಕ. ಲೋಕದ ಲಿಪಿಗಳಿಗೆಲ್ಲ ಬೇರೆಬೇರೆ ಅಂಕಿಗಳನ್ನು ಕೊಟ್ಟ ಈ ಏರ್ಪಾಡಿನ ೧೯೯೧ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಅಕ್ಷರಶೈಲಿ ಸಾಮಾನ್ಯರ ಗಣಕಕ್ಕೆ ಇಳಿಯಿತು. ಇದು ದುಡ್ಡಿನ ತಂತ್ರಾಂಶದೊಡನೆ ಬಂದ ಮುಕ್ತ ಮಾನಕವೆಂಬುದನ್ನು ಗಮನಿಸಬೇಕು. ನುಡಿ, ಬರಹಗಳೂ ಮುಂದೆ ಆ ದಾರಿಗೆ ಬಂದುವು. ಹಳೆಯ ಕಡತಗಳನ್ನು ಹೊಸ ಮಾದರಿಗೆ ತಿರುಗಿಸುವ ಸಾಧನಗಳನ್ನು ಕನ್ನಡದ ತರುಣರು ಬರೆದು ಹಂಚಿದ್ದಾರೆ. ಮನೆಯ ಹಳೆಯ ಬಿಲ್ಲೆಯಲ್ಲಿ ಅಜ್ಜನ ಆತ್ಮಕಥೆಯೋ ತಂದೆಯ ಕವಿತೆಗಳೋ ಆ ಮಾದರಿಯಲ್ಲಿ ಉಳಿದಿದ್ದರೆ, ತಡಮಾಡದೆ ತಿರುಗಿಸಿಟ್ಟುಕೊಳ್ಳುವುದು ಒಳ್ಳೆಯದು.

ಈಗ ಅಂಗಡಿಗೆ ಹಿಂದಿರುಗೋಣ. ಇಂದಿನ ಸ್ಥಿತಿಯಲ್ಲಿ ಮಾರ್ಗಗಳು ಮೂರು. ಮೈಕ್ರೋಸಾಫ್ಟಿನದು ಮೊದಲನೆಯದು, ೨೦೧೧ರಿಂದ ಅದು ವರ್ಷವರ್ಷವೂ ಬಾಡಿಗೆ ಕಟ್ಟುವ ರೂಪದಲ್ಲೂ ಸಿಗುತ್ತದೆ. ಎರಡನೆಯದು ಲಿಬ್ರೆಆಫೀಸಿನಂಥದು, ಉಚಿತವೂ ಹೌದು, ಮುಕ್ತವೂ ಹೌದು. ಮೂರನೆಯದು, ೨೦೦೬ರಿಂದ ಗೂಗಲ್ ತೋರಿಸಿಕೊಟ್ಟ ದಾರಿ. ಹಣವಿಲ್ಲ, ಆದರೆ ನಮ್ಮ ಕಡತ ಇರುವುದು ಅವರ ಉಗ್ರಾಣದಲ್ಲಿ. ಉಚಿತ, ಮುಕ್ತವಲ್ಲ.

ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುವವರು, ದೊಡ್ಡ ದೊಡ್ಡ ಎಕ್ಸೆಲ್ ಪಟ್ಟಿಗಳನ್ನು ದಿನವೂ ಹೊರಗಿನವರೊಡನೆ ಕೊಟ್ಟು ಪಡೆಯುವವರು ಹಣ ಕೊಟ್ಟು ಮೊದಲನೆಯದನ್ನು ಕೊಂಡರೆ ತಪ್ಪೇನೂ ಇಲ್ಲ. ದುಡ್ಡಿಗೆ ಕೆಲಸ ಸಿಗುತ್ತದೆ. ಕಾಲೇಜಿನ ಪ್ರಬಂಧ, ಮನೆಯ ಜಮಾಖರ್ಚು, ಸಂಘದ ವರದಿ, ಮದುವೆಯ ಆಹ್ವಾನದ ಪಟ್ಟಿ ಇಷ್ಟೇ ಆದರೆ ಎರಡನೆಯದು ಧಾರಾಳವಾಗಿ ಸಾಕು. ಕೇರಳದ ಶಾಲೆಗಳಲ್ಲಿ ಮಕ್ಕಳು ಗಣಕ ಕಲಿಯುವುದೇ ಮುಕ್ತ ತಂತ್ರಾಂಶದ ಮೇಲೆ. ಅವರಲ್ಲಿ ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳೂ ಇದ್ದಾರೆ. ಅವರು ಯಾರಿಗಿಂತಲೂ ಹಿಂದೆ ಬಿದ್ದಿಲ್ಲ.

ಆದರೆ ಯಾವುದನ್ನೇ ಹಾಕಿಸಿದರೂ ಮೂರು ನಿಯಮಗಳನ್ನು ಮನೆಯಲ್ಲಿ ಪಾಲಿಸಬೇಕು. ಬಹುಕಾಲ ಉಳಿಯಬೇಕಾದ ಕಡತವನ್ನು ಮುಕ್ತ ಮಾದರಿಯಲ್ಲಿ ಒಂದು ಪ್ರತಿ ಉಳಿಸುವುದು. ಕನ್ನಡವನ್ನು ಯೂನಿಕೋಡಿನಲ್ಲೇ ಬರೆಯುವುದು. ಇನ್ನೊಬ್ಬರ ಉಗ್ರಾಣದಲ್ಲಿಟ್ಟುದರ ಒಂದು ನಕಲನ್ನು ತಮ್ಮ ಬಳಿ ಇಟ್ಟುಕೊಳ್ಳುವುದು. ಇವುಗಳಿಗೆ ಕಾಸೂ ಖರ್ಚಿಲ್ಲ.

ಹಿಂದಿನವರು ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ ಕಡತ ಮಾಡುತ್ತಿದ್ದರು. ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಬಟ್ಟೆ ಯಾರ ಅಂಗಡಿಯದು, ಬಳಪಕ್ಕೆಷ್ಟು ಕೊಟ್ಟರು ಎಂದು ಇಂದು ಯಾರೂ ಕೇಳುವುದಿಲ್ಲ. ಬಿಚ್ಚಿದರೆ ಓದಲು ಬರುತ್ತದೆಯೆ ಎಂದಷ್ಟೇ ಕೇಳುತ್ತಾರೆ. ನಮ್ಮ ಮೊಮ್ಮಕ್ಕಳು 
ನಮ್ಮ ಕಡತಗಳ ವಿಷಯದಲ್ಲಿ ಕೇಳುವುದೂ ಅದನ್ನೇ.

ಅಂಗಡಿಯಲ್ಲಿ ಗೃಹಸ್ಥರು ಇನ್ನೂ ನಿಂತಿದ್ದಾರೆ. ಹುಡುಗನಿಗೆ ಅವರು ಹೇಳಬೇಕಾದುದು ಇಷ್ಟೆ: “ಸದ್ಯಕ್ಕೆ ಫ್ರೀದು ಹಾಕಪ್ಪಾ. ಸಾಲದು ಅನ್ನಿಸಿದರೆ ದುಡ್ಡು ಕೊಟ್ಟೇ ತಗೋತೀವಿ. ಸುಮ್ನೆ ಹಾಕಿಕೊಡೋದು ಮಾತ್ರ ಬೇಡ.” ಆಮೇಲೆ ಮಗಳ ಕಡೆ ತಿರುಗಿ: “ಬರೆದದ್ದನ್ನ ಎಲ್ಲಿ, ಹೇಗೆ ಇಡ್ತೀಯಾ ಅನ್ನೋದನ್ನ ಮಾತ್ರ ನೀನು ನೋಡ್ಕೋಬೇಕಮ್ಮಾ.”